ಬೀಗಿತ್ತಿ ಕಲಿಸಿದ ಉಸಿರು

ಆಗ ನನಗೆ ಅರವತ್ತೊಂದು. ಈ ಮಾತಿಗೆ ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಬೀಗಿತ್ತಿ, ಅಂದರೆ ಅಳಿಯನ ತಾಯಿ, ತುರುಬನ್ನು ರಬ್ಬರ್ ಟೋಪಿಯೊಳಗೆ ತುರುಕಿಕೊಂಡು ಈಜುಕೊಳದ ಮೆಟ್ಟಿಲ ಮೇಲೆ ನಿಂತರೆ, ತಲೆಯ ಮೇಲೊಂದು ತೆಂಗಿನಕಾಯಿ ಇಟ್ಟು ಬಟ್ಟೆ ಕಟ್ಟಿದ ಹಾಗೆ ಕಾಣುತ್ತಿತ್ತು. ವಜ್ರದ ಮೂಗುಬೊಟ್ಟು ಮಾತ್ರ ತೆಗೆಯುತ್ತಿರಲಿಲ್ಲ. "ಯಾರು ಇಳಿದ್ರು ಅಂತ ನೀರಿಗೂ ಗೊತ್ತಾಗ್ಲಿ" ಅನ್ನುವರು.

ಪರದೇಶದ ಸ್ಕಾರ್‌ಬರೋ ಊರಿನಲ್ಲಿ ಮಗಳ ಮನೆಯ ಬೇಸ್‌ಮೆಂಟಿನಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಕೋಣೆ. ಮದುವೆಯಲ್ಲಿ ನಮ್ಮ ಪಾಯಸ ನೀರಾಗಿತ್ತೆಂದು ಅವರು ಅಂದಿದ್ದರು. ಅಂದಿನಿಂದ ಅವರನ್ನು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ.

ಬೇಸ್‌ಮೆಂಟಿನ ಮೆಟ್ಟಿಲು ಹತ್ತಿದರೆ ನನಗೆ ಏದುಸಿರು. ಹೃದಯದ ಡಾಕ್ಟರು ನೋಡಿ, ನಡೆದರೆ ಸಾಲದು, ಓಡಿ ಇಲ್ಲವೆ ಈಜಿ, ಚಳಿಗಾಲ ಕಳೆದ ಮೇಲೂ ಹೀಗೇ ಇದ್ದರೆ ಎದೆ ಕುಯ್ಯಬೇಕು ಎಂದರು. ಕುಯ್ಯಿಸಿಕೊಳ್ಳಲು ನಾನೇನು ಕುಂಬಳಕಾಯಿಯೇ? ಓಟವೇ ಸರಿ ಎಂದುಕೊಂಡೆ. ನೆಲವನ್ನಾದರೂ ನಂಬಬಹುದು.

ಹೊರಗೆ ಹಿಮ. ಅಂಗಡಿ ತೆರೆಯುವ ಮುಂಚೆ ಮಾಲ್‌ನೊಳಗೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಓಡಿದೆ. ಏನೋ ಕದ್ದಳೆಂದು ಕಾವಲಿನವನು ಹಿಂದೆಯೇ ಬಂದ. ಅವನನ್ನು ಕಂಡು ನಾನು ಇನ್ನೂ ಜೋರಾಗಿ ಓಡಿದೆ. ಆಮೇಲೆ ವಾರವಿಡೀ ಮಂಡಿ ಮಡಚಲಾಗಲಿಲ್ಲ.

"ಸಾಕು ಮಾಡಿ ಬೀಗ್ರೇ," ಅಂದರು ಬೀಗಿತ್ತಿ. "ನೀವು ಓಡಿದ್ರೆ ಅಂಗಡಿ ಗಾಜೆಲ್ಲ ಅಲ್ಲಾಡುತ್ತಂತೆ. ನಾಳೆ ನನ್ ಜೊತೆ ಪೂಲ್‌ಗೆ ಬನ್ನಿ. ಲೇಡೀಸ್ ಟೈಮ್ ಇದೆ."

"ಆ ಬಟ್ಟೆ ಯಾರು ಹಾಕ್ತಾರೆ?"

"ನಿಮ್ಮನ್ನ ನೋಡೋಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಎಲ್ರಿಗೂ ಅವರವರ ಹೊಟ್ಟೆ ಒಳಗೆ ಎಳ್ಕೊಳ್ಳೋದೇ ಕೆಲಸ."

ಅವರು ಹುಡುಗಿಯಾಗಿದ್ದಾಗ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ನನಗೆ ಗೊತ್ತಿದ್ದದ್ದು ಹಬ್ಬದ ದಿನ ಹೊಳೆಯಲ್ಲಿ ಮುಳುಗುವುದಷ್ಟೆ. ಕೊಳಕ್ಕಿಳಿದು, ಮೂಗು ಹಿಡಿದು, ಮೂರು ಮುಳುಗು ಹಾಕಿ, ಕೈಮುಗಿದು ಮೆಟ್ಟಿಲು ಹತ್ತಿದೆ.

"ಎಲ್ಲಿಗೆ ಹೊರಟ್ರಿ?"

"ಆಯ್ತಲ್ಲ."

"ಪುಣ್ಯ ಬಂತು ಬೀಗ್ರೇ. ಉಸಿರೆಲ್ಲಿ ಬಂತು? ಇಳೀರಿ."

ಕೈಕಾಲು ಬಡಿಯುವುದು ಬೇಗ ಬಂತು. ಉಸಿರಾಡುವುದೇ ಬರಲಿಲ್ಲ. ಮುಖ ನೀರಿಗಿಟ್ಟರೆ ಉಸಿರು ಕಟ್ಟುವುದು, ತಲೆಯೆತ್ತಿದರೆ ಕಾಲು ಮುಳುಗುವುದು. ಕೊಳದ ಅರ್ಧ ನೀರು ನಾನೇ ಕುಡಿದೆ. ಕಲಿಸುವ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದು ತಲೆಗೆ ಹತ್ತಲಿಲ್ಲ. ಒಂದು ದಿನ ಬೀಗಿತ್ತಿಗೆ ರೇಗಿಹೋಯಿತು.

"ಸೌದೆ ಒಲೆ ಊದಿಲ್ವೇನ್ರೀ ನೀವು?"

"ಹಾಲುಹಲ್ಲು ಬಿದ್ದಾಗಿಂದ ಊದಿದೀನಿ."

"ಊದುಗೊಳವೇಲಿ ಊದುವಾಗ ಉಸಿರು ಎಲ್ಲಿ ಎಳ್ಕೋತಿದ್ರಿ? ಹೊಗೆ ಒಳಗೇನಾ?"

"ಹೊಗೇಲಿ ಯಾರಾದ್ರೂ ಎಳ್ಕೋತಾರಾ? ಮುಖ ಪಕ್ಕಕ್ಕೆ ತಿರುಗ್ಸಿ."

"ಇದೂ ಅಷ್ಟೇ. ನೀರಿಗೆ ಊದಿ, ಪಕ್ಕಕ್ಕೆ ತಿರುಗಿ ಎಳ್ಕೊಳ್ಳಿ. ಮದುವೆ ದಿನದಿಂದ ನನ್ನ ಕಂಡ್ರೆ ತಿರುಗಿಸ್ತೀರಲ್ಲ, ಅಷ್ಟು ಸಾಕು. ಜಾಸ್ತಿ ಬೇಡ."

ನಗು ಬಂದು ಇನ್ನಷ್ಟು ನೀರು ಕುಡಿದೆ. ಆದರೆ ಹಸಿ ಸೌದೆ ಊದಿದ ಹಾಗೆ ಊದಿ, ತಿರುಗಿ, ಎಳೆದುಕೊಂಡೆ. ಕಾಲು ತಾನಾಗಿ ಮೇಲೆ ಬಂತು. ಅಂದಿನಿಂದ ಬೀಗಿತ್ತಿ ಕೊಳದ ಅಂಚಿನಲ್ಲಿ ನನ್ನ ಜೊತೆಜೊತೆಗೇ ನಡೆಯುತ್ತ, "ಊದಿ, ಒಲೆ ಆರ್ತಿದೆ!" ಎಂದು ಕೂಗುವರು. ಉಳಿದ ಹೆಂಗಸರು ಅದನ್ನು ಯಾವುದೋ ಮಂತ್ರವೆಂದು ತಿಳಿದಿದ್ದರು.

ಹಿಮ ಕರಗಿದ ಮೇಲೆ ಡಾಕ್ಟರು ನನ್ನನ್ನು ಓಡುವ ಮೆಷಿನ್ ಹತ್ತಿಸಿ ನೋಡಿ, ಸದ್ಯಕ್ಕೆ ಕುಯ್ಯುವುದು ಬೇಡ ಎಂದರು. ಆ ದಿನ ಬೀಗಿತ್ತಿ ಪಾಯಸ ಮಾಡಿದರು. ನೀರಾಗಿತ್ತು. ಹೇಳಿಯೂ ಬಿಟ್ಟೆ.

ಕೊಳದಲ್ಲಿ ಕಾಲಿಗೆ ನೆಲ ಸಿಗದ ಕಡೆ, ಅಡ್ಡ ಕಟ್ಟಿದ ಹಗ್ಗದಾಚೆಗೆ ಮಾತ್ರ ನಾನು ಹೋಗುತ್ತಿರಲಿಲ್ಲ.

"ನಾನು ಸತ್ತ ಮೇಲೆ ಹೋಗ್ತೀರೇನು?" ಎಂದು ಬೀಗಿತ್ತಿ ಒಮ್ಮೆ ಕೇಳಿದ್ದರು.

"ಮೊದ್ಲು ಸಾಯಿರಿ, ನೋಡೋಣ" ಅಂದಿದ್ದೆ.

ಕೆಲವು ವರ್ಷಕ್ಕೆ ಸತ್ತರು. ನಿದ್ದೆಯಲ್ಲೇ ಹೋದರು. ಗೋಡೆಯಾಚೆ ಮಲಗಿದ್ದ ನನಗೂ ತಿಳಿಯಲಿಲ್ಲ.

ದಹನದ ಮಾರನೆಯ ಬೆಳಿಗ್ಗೆ ಚೀಲ ಹಿಡಿದು ಹೊರಟೆ. ಮಗಳು ಬಾಗಿಲಲ್ಲಿ ತಡೆದಳು.

"ಎಲ್ಲಿಗಮ್ಮಾ?"

"ಸ್ನಾನಕ್ಕೆ."

"ಸಾವಿನ ಸ್ನಾನ ನಿನ್ನೇನೇ ಶವರ್‌ನಲ್ಲಿ ಆಯ್ತಲ್ಲ!"

"ಶವರನ್ನ ಸ್ನಾನ ಅಂತ ನಿಮ್ಮತ್ತೆ ಯಾವತ್ತು ಒಪ್ಪಿದ್ರು?"

ಬಸ್ಸು ಹಿಡಿದೆ. ಕೊಳಕ್ಕಿಳಿದು ಹಗ್ಗ ದಾಟಿದೆ. ಉಸಿರಿಗೆ ಮುಖ ತಿರುಗಿಸಿದಾಗ ಅಂಚಿನಲ್ಲಿ ಯಾರೂ ಇರಲಿಲ್ಲ. ಊದಿದೆ. ಆಚೆ ಗೋಡೆ ಮುಟ್ಟಿದೆ.