ಒರೆಸಿ ಕೊಟ್ಟ ಪ್ರಬಂಧ

ಶೈಲಜಾ ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ಯಲಬುರ್ಗಾಕ್ಕೆ ಬಂದಳು. ಅಲ್ಲಿಂದ ಮುಕ್ಕಾಲು ತಾಸು ಬಸ್ಸಿನ ದಾರಿಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸತೊಡಗಿ ಈಗ ಎರಡು ವರ್ಷ. ದಿನಾ ಬಸ್ಸಿನಲ್ಲಿ ಕೂತ ಕೂಡಲೇ ಅತ್ತೆ ಬಸವಣ್ಣೆಮ್ಮನಿಗೆ ಫೋನು ಹಚ್ಚುವಳು. ಮನೆಯಲ್ಲಿ ಬಿಟ್ಟು ಬಂದ ತನ್ನ ಕೂಸು ಕೆಮ್ಮಿತೇ, ಗಂಜಿ ಕುಡಿಯಿತೇ, ಮೈ ಬಿಸಿ ಇದೆಯೇ?

"ಕೂಸು ಆರಾಮ ಐತೆವ್ವ. ನೀ ನಿನ್ನ ಸಾಲಿ ನೋಡ್ಕೊ," ಎಂದು ಅತ್ತೆ ಫೋನಿಡುವಳು.

ಆ ವಾರ ನೋಡಿಕೊಳ್ಳಬೇಕಾದದ್ದು ಶಾಲೆಯನ್ನೇ. ಶೈಲಜಾ ಮೂರು ಕಚೇರಿ ಅಲೆದು, ಒಂದು ಸಂಸ್ಥೆಯಿಂದ ಒಂಬತ್ತನೇ ತರಗತಿಗೆ ಎಂಟು ಟ್ಯಾಬು ತರಿಸಿದ್ದಳು. ಶನಿವಾರ ಸಂಸ್ಥೆಯವರು ಬರುವವರಿದ್ದರು. ಮೂವತ್ತೆರಡೂ ಮಕ್ಕಳು ಸೇರಿ ಬರೆದ ಒಂದು ಪ್ರಬಂಧವನ್ನು ಅವರಿಗೆ ತೋರಿಸಬೇಕು. ಇಲ್ಲವಾದರೆ ಟ್ಯಾಬುಗಳು ಬೇರೆ ಶಾಲೆಗೆ ಹೋಗುತ್ತವೆ. ಎಂಟೂ ಟ್ಯಾಬಿನಲ್ಲಿ ತೆರೆಯುವುದು ಒಂದೇ ಪುಟ. ಯಾರು ಎಲ್ಲಿ ಬರೆದರೂ ಎಲ್ಲರಿಗೂ ಕಾಣುತ್ತದೆ. ವಿಷಯ: ನಮ್ಮೂರ ಬಸ್ಸು.

ಬುಧವಾರ ಬರೀ ಜಗಳ. "ಟೀಚರ್, ನನ್ನ ಸಾಲಾಗ ಈಕಿ ಕೈ ಹಾಕ್ಯಾಳ್ರಿ." "ಅಂವನ ಸಾಲಂತ, ಅವರಪ್ಪನ ಹೊಲ ಇದ್ದಂಗ."

ಗುರುವಾರ ಜಗಳವಿರಲಿಲ್ಲ. ಪೀರಿಯಡ್ಡಿನ ಕೊನೆಗೆ ಬರಹವೂ ಇರಲಿಲ್ಲ. ಎಂಟೂ ಟ್ಯಾಬಿನಲ್ಲಿ ಪುಟ ಬೆಳ್ಳಗಿತ್ತು. ಶೈಲಜಾ ಮೊದಲು ನೆಟ್ಟಿಗೆ ಬೈದಳು, ಆಮೇಲೆ ಕರೆಂಟಿಗೆ, ಕಡೆಗೆ ತರಗತಿಯ ತುಂಟ ಗೌತಮನಿಗೆ.

"ನಾ ಅಲ್ರಿ ಟೀಚರ್," ಎಂದ ಗೌತಮ. "ಏನ ಕೆಟ್ಟರೂ ನಿಮ್ಮ ಬಾಯಾಗ ನನ್ನ ಹೆಸರ ಮೊದಲ ಬರ್ತೈತಿ."

ಹೆಡ್‌ಮಾಸ್ತರ್ ಪ್ರಭುರಾಜ ಸಮಾಧಾನ ಹೇಳಿದರು. "ಯಾಕ ತಲಿ ಕೆಡಿಸ್ಕೊಂತೀರಿ ಮೇಡಂ? ನೀವ ಒಂದು ಬರದು, ಹುಡುಗರು ಬರದಾರಂತ ತೋರಿಸಿಬಿಡ್ರಿ."

ಹಾಗೆಯೇ ಮಾಡಿಬಿಡೋಣವೆಂದು ಅವಳಿಗೂ ಅನ್ನಿಸದೆ ಇರಲಿಲ್ಲ. ಆದರೂ ಶುಕ್ರವಾರ ಕೊನೆಯ ಬೆಂಚಿನ ಹಿಂದೆ ನಿಂತು ಮಕ್ಕಳ ಕೈಗಳನ್ನೇ ನೋಡಿದಳು. ಟ್ಯಾಬು ಕೈಯಿಂದ ಕೈಗೆ ಸರಿದು ಕ್ಲಾಸ್ ಲೀಡರ್ ನಾಹೀದಾಳ ಬಳಿ ಬಂತು. ಅವಳು ಐದು ಸಾಲು ಚಂದವಾಗಿ ಬರೆದಳು. ಆಮೇಲೆ ಪುಟದ ಮೇಲೆ ಬೆರಳೊತ್ತಿ ಹಿಡಿದಳು. ಇಡೀ ಬರಹ ನೀಲಿಯಾಯಿತು. ಅಳಿಸುವ ಗುಂಡಿ ಒತ್ತಿದಳು, ಎಂಟೂ ಟ್ಯಾಬಿನಿಂದ ಎಲ್ಲ ಹೋಯಿತು. ಖಾಲಿ ಟ್ಯಾಬನ್ನು ಮರ್ಯಾದೆಯಿಂದ ಎರಡೂ ಕೈಯಲ್ಲಿ ಗೌತಮನಿಗೆ ಕೊಟ್ಟಳು.

"ನಾಹೀದಾ, ಏನ ಮಾಡಿದಿ?"

"ಒರಸಿ ಕೊಟ್ಟೇನ್ರಿ ಟೀಚರ್."

"ಯಾಕ?"

"ಬರದವರು ಒರಸಿ ಮುಂದಿನವರಿಗೆ ಕೊಡಬೇಕಂತ ನೀವ ಹೇಳೀರಲ್ರಿ."

ಹೇಳಿದ್ದು ಹೌದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಗಣಿತದ ಲೆಕ್ಕಗಳು ತುಂಬಿದ ಬೋರ್ಡು ತನ್ನ ಪಾಲಿಗೆ ಬಂದಾಗ ಕೂಗಾಡಿ ಮಾಡಿದ ನಿಯಮ ಅದು. ಅಂದಿನಿಂದ ನಾಹೀದಾ ಒಂದು ಪೀರಿಯಡ್ಡೂ ಬಿಡದೆ ಬೋರ್ಡು ಒರೆಸುತ್ತ ಬಂದಿದ್ದಳು. ಶೈಲಜಾ ಬೆಂಚಿನ ಮೇಲೆ ಕುಸಿದು ಕೂತಳು. ಬೈಯಲು ಈಗ ತಾನೊಬ್ಬಳೇ ಉಳಿದಿದ್ದಳು.

"ಇದು ಬೋರ್ಡ ಅಲ್ಲವ್ವಾ. ಹಿಂದಿನವರು ಬರದದ್ದು ಇರಬೇಕು. ಅದನ್ನ ಓದಿ, ಮುಂದ ನೀ ಬರೀಬೇಕು."

"ಅವರು ತಪ್ಪ ಬರದಿದ್ರ?"

"ತಿದ್ದು."

"ಬೈತಾರ್ರಿ."

"ಬೈಸ್ಕೊ."

ಮಧ್ಯಾಹ್ನದ ಆಟದ ಪೀರಿಯಡ್ಡನ್ನೂ ಕಸಿದುಕೊಂಡು ಮೊದಲಿನಿಂದ ಬರೆಸಿದಳು. ಮಕ್ಕಳು ಬೈದರು, ಬೈಸಿಕೊಂಡರು, ಬರೆದರು.

ಶನಿವಾರ ಸಂಸ್ಥೆಯ ಸಿದ್ದಲಿಂಗೇಶ ಬಂದರು. ಟ್ಯಾಬು ಕೊಡಲು ಎದ್ದ ನಾಹೀದಾ, ನಡುದಾರಿಯಲ್ಲಿ ನಿಂತು ಅದರ ಮೇಲೆ ಕೈಯಾಡಿಸಿದಳು. ಶೈಲಜಾ ತಡೆಯಲು ಎರಡು ಹೆಜ್ಜೆ ಮುಂದೆ ಬಂದಳು.

"ಗಾಜಷ್ಟ ಒರಸೇನ್ರಿ ಟೀಚರ್," ಎಂದಳು ನಾಹೀದಾ, ವೇಲಿನ ತುದಿ ತೋರಿಸಿ.

ಸಿದ್ದಲಿಂಗೇಶ ಓದಿದರು. ಬಸ್ಸು ಏಳಕ್ಕೆ ಬರುತ್ತದೆ ಎಂದು ಮೊದಲ ಸಾಲು. ಬರುತ್ತದೆ, ಆದರೆ ನಿಲ್ಲುವುದಿಲ್ಲ ಎಂದು ಗೌತಮನದು. ಅದರ ಕೆಳಗೆ ನಾಹೀದಾಳದು: 'ಗೌತಮ ಹೇಳುವುದು ನಿಜ. ಆದರೆ ಕಂಡಕ್ಟರಿಗೆ ಪರಿಚಯದವರು ಇದ್ದರೆ ನಿಲ್ಲುತ್ತದೆ.'

"ಮೇಡಂ, ಇದು ಒಬ್ಬರು ಬರದಂಗ ಇಲ್ಲಲ್ರಿ," ಎಂದರು ಅವರು, ಹುಬ್ಬು ಗಂಟಿಕ್ಕಿ.

"ಒಬ್ಬರು ಬರದಿಲ್ರಿ ಸರ್. ನೀವು ನೋಡಾಕ ಬಂದಿದ್ದ ಅದನ್ನ," ಎಂದಳು ಶೈಲಜಾ. ದನಿ ಬೇಕಾದ್ದಕ್ಕಿಂತ ಗಡುಸಾಯಿತು.

ಅವರು ಅವಳನ್ನೊಮ್ಮೆ ನೋಡಿದರು. ಮತ್ತೆ ಮೊದಲಿನಿಂದ ಓದಿದರು. ಟ್ಯಾಬುಗಳು ಇಲ್ಲೇ ಇರಲಿ ಎಂದು ಬರೆದು ಸಹಿ ಹಾಕಿದರು.

"ಛಲೋ ಆತು ನೀವು ಬರೀಲಿಲ್ಲ," ಎಂದು ಪ್ರಭುರಾಜ ಪಿಸುಗುಟ್ಟಿದರು. "ಸಿಕ್ಕಿ ಬೀಳ್ತಿದ್ವಿ."

ಶಾಲೆ ಬಿಟ್ಟ ಮೇಲೆ ಶೈಲಜಾ ರಸ್ತೆಗೆ ಬಂದು ನಿಂತಳು. ಕೂಸು ಕೆಮ್ಮಿತೋ ಏನೋ, ಬೇಗ ಹೋಗಬೇಕು. ಯಲಬುರ್ಗಾದ ಬಸ್ಸು ಬಂತು. ಕೈ ಮಾಡಿದಳು. ಬಸ್ಸು ಧೂಳೆಬ್ಬಿಸಿಕೊಂಡು ಮುಂದಕ್ಕೆ ಹೋಯಿತು.

ಹಿಂದಿನಿಂದ ಗೌತಮನ ದನಿ ಕೇಳಿತು. "ನಾ ಬರದಿದ್ದು ಖರೇ ಐತಿ ನೋಡ್ರಿ ಟೀಚರ್."