ಹೆಬ್ಬೆಟ್ಟಿಲ್ಲದ ಒಪ್ಪಿಗೆ

ಮೇಷ್ಟ್ರ ಬಲಗೈ ತೋರುಬೆರಳು ತುದಿಗೆಣ್ಣಿನಲ್ಲಿ ಸೊಟ್ಟಗಿತ್ತು. ಆ ಸೊಟ್ಟ ಬೆರಳು ನನ್ನ ಅರ್ಜಿಯ ಯಾವ ಸಾಲಿನ ಮೇಲೆ ನಿಂತರೂ ಮುಗಿಯಿತು, ಆ ಪುಟ ಮತ್ತೆ ಟೈಪಾಗಬೇಕು.

ತೊಂಬತ್ತರ ದಶಕದ ಕೊನೆ. ಜೈಲಿನಿಂದ ಬಿಡುಗಡೆಯಾದ ಹೆಂಗಸರ ಬದುಕಿನ ಬಗ್ಗೆ ಅಪರಾಧಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಹೊರಟಿದ್ದೆ. ಅವರನ್ನು ಮಾತಾಡಿಸುವ ಮೊದಲು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯ ಕಾರ್ಯದರ್ಶಿ ಈ ಮೇಷ್ಟ್ರು. ವರ್ಷದೊಳಗೆ ಒಪ್ಪಿಗೆ ಸಿಗದಿದ್ದರೆ ನನ್ನ ನೋಂದಣಿಯೇ ರದ್ದು. ಮೂರು ಸಲ ಅರ್ಜಿ ವಾಪಸ್ ಬಂತು. ಕೆ.ಬಿ. ಬಡಾವಣೆಯ ಟೈಪಿಂಗ್ ಅಂಗಡಿಯವನು, "ಮತ್ತ್ ಬಂದ್ರೇನ್ರಿ ಮೇಡಂ?" ಎಂದು ನಗುವಂತಾಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಆ ಹೆಂಗಸರ ಒಪ್ಪಿಗೆ ಪತ್ರದಾಗ ಹೆಸರು ಯಾಕ, ಹೆಬ್ಬೆಟ್ಟು ಯಾಕ?" ಎನ್ನುವರು ಮೇಷ್ಟ್ರು.

"ದಾಖಲೆ ಬೇಡವಾ ಸಾರ್?"

"ಯಾರಿಗೆ?" ಎಂದು ಟೀ ಹೀರುವರು. ಅದೂ ಬಸಿಗೆ ಸುರಿದು, ಆರಿಸಿ, ಸಾವಕಾಶವಾಗಿ. ನಾನು ಎದುರಿಗೆ ಕೂತು ಹಲ್ಲು ಕಡಿಯುತ್ತಿದ್ದೆ.

ನಾಲ್ಕನೇ ಸಲ ಅಳುವುದೊಂದೇ ಬಾಕಿ. "ನಡಿಯವ್ವ, ಹರಿಹರಕ್ಕೆ ಹೋಗಿಬರೋಣ" ಎಂದು ಬಸ್ಸು ಹತ್ತಿಸಿದರು. ಅಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸೊಬ್ಬಳು ಅವರಿಗೆ ಪರಿಚಯ. ಎರಡು ವರ್ಷ ಜೈಲಿನಲ್ಲಿದ್ದು ಬಂದವಳು. ನನ್ನ ಒಪ್ಪಿಗೆ ಪತ್ರ ಓದಿದೆ. ತಲೆಯಾಡಿಸುತ್ತ ಕೇಳಿದಳು. ಇಂಕ್ ಪ್ಯಾಡ್ ತೆಗೆದಿದ್ದೇ ತಡ, ಅವಳ ಕೈ ಸೆರಗಿನೊಳಗೆ ಹೋಯಿತು.

"ಬ್ಯಾಡ್ರಿ ಅಕ್ಕಾರೆ. ಅವತ್ತು ಠಾಣೆಯಾಗೂ ಹಿಂಗೇ, ಏನೂ ಇಲ್ಲ ಒತ್ತು ಅಂದ್ರು. ಒತ್ತಿದೆ. ಕಳವು ಮಾಡೀನಿ ಅಂತ ಬರ್ಕೊಂಡಿದ್ರು."

ಮೊದಲೇ ಹೇಳಬಾರದಿತ್ತೇ ಈ ಮನುಷ್ಯ ಎಂದು ನನ್ನ ಸಿಟ್ಟು ಇನ್ನೂ ಏರಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿಯೇ ಬಿಟ್ಟೆ.

"ಹೇಳಿದ್ರೆ ಟೈಪ್ ಮಾಡಿಸ್ಕೊಂಡು ಬರ್ತಿದ್ದಿ, ಅಷ್ಟೇ" ಅಂದರು.

ಐದನೇ ಅರ್ಜಿಯಲ್ಲಿ ಹೆಸರು, ಹೆಬ್ಬೆಟ್ಟು ಎರಡನ್ನೂ ಕಿತ್ತುಹಾಕಿದೆ. ಪತ್ರ ಓದಿ ಹೇಳುವುದು. ಆ ಹೆಂಗಸರೇ ನಂಬಿ ಕರೆತಂದ ಒಬ್ಬರ ಮುಂದೆ ಬಾಯಿಮಾತಿನ ಒಪ್ಪಿಗೆ ಪಡೆಯುವುದು. ಈಗ ಸಮಿತಿಯ ಉಳಿದವರು ತಕರಾರು ತೆಗೆದರು, ಸಹಿಯಿಲ್ಲದೆ ಪುರಾವೆ ಏನು ಎಂದು. ಅಯ್ಯೋ, ಸಾಕಪ್ಪಾ ಸಾಕು ಅನ್ನಿಸಿತು. ಮೇಷ್ಟ್ರು ಮೂರು ಸಭೆ ಅವರೊಡನೆ ಕಾದಾಡಿದರು. ನನ್ನ ಅವಧಿ ಮುಗಿಯಲು ಒಂಬತ್ತು ದಿನವಿದ್ದಾಗ ಒಪ್ಪಿಗೆ ಸಿಕ್ಕಿತು. ಮೇಷ್ಟ್ರಿಗೆ ಮುಖ ಕೊಟ್ಟು ಮಾತಾಡದೆ, ಕಿತ್ತುಕೊಂಡ ಹಾಗೆ ಕಾಗದ ತೆಗೆದುಕೊಂಡು ಬಂದೆ.

ಮೇಷ್ಟ್ರು ತೀರಿಕೊಂಡ ಮರುವರ್ಷ ಯಾವುದೋ ಕಳವಿನ ಪ್ರಕರಣ ಹಿಡಿದು ಪೊಲೀಸರೊಬ್ಬರು ನನ್ನ ಮನೆಗೆ ಬಂದರು. "ನೀವು ಮಾತಾಡ್ಸಿದ ಹೆಂಗಸ್ರ ಪಟ್ಟಿ ಕೊಡ್ರಿ ಮೇಡಂ, ಸುಮ್ನೆ ವಿಚಾರಿಸೋದೈತೆ."

ಒಪ್ಪಿಗೆಯ ಕಡತ ತಂದು ಮುಂದಿಟ್ಟೆ. ಪುಟ ಪುಟ ಮಗುಚಿದರು. ಒಬ್ಬಳ ಹೆಸರೂ ಸಿಗದೆ ಎದ್ದು ಹೋದರು.

ಬಾಗಿಲು ಹಾಕಿಕೊಂಡು ಗೋಳೋ ಎಂದು ಅತ್ತೆ. ಆ ಮನುಷ್ಯನಿಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ ನಾನು.