ಪ್ರಬಂಧ ಬೇಡದ ಸೀಟು

ಜೀವಶಾಸ್ತ್ರದ ಎಂ.ಎಸ್ಸಿ.ಗೆ ಎರಡು ದಾರಿಗಳಿದ್ದವು. ಸಂಶೋಧನೆ ಮಾಡಿ ಪ್ರಬಂಧ ಬರೆಯುವುದು ಒಂದು. ಅದರ ಬದಲು ಹೆಚ್ಚುವರಿ ಪತ್ರಿಕೆಗಳನ್ನು ಓದಿ, ಕೊನೆಗೊಂದು ಮೌಖಿಕ ಪರೀಕ್ಷೆ ಎದುರಿಸುವುದು ಇನ್ನೊಂದು. ನನಗೆ ಎರಡನೆಯದೇ ಬೇಕಿತ್ತು. ಅದಕ್ಕೆ ಸೀಟುಗಳು ಕಡಿಮೆ. ಬಿ.ಎಸ್ಸಿ.ಯಲ್ಲಿ ತಳಿಶಾಸ್ತ್ರ, ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ ಓದಿರಬೇಕು. ನಾನು ಸಂಖ್ಯಾಶಾಸ್ತ್ರ ಓದಿರಲಿಲ್ಲ. ಮೇಲೆ ಸಂದರ್ಶನ ಬೇರೆ.

ಅಪ್ಪನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಊಟಕ್ಕೆ ಕೂತಾಗ ವಿಷಯ ಹೇಳಿದೆ.

“ಥೀಸಿಸ್ ಇಲ್ಲದ ಡಿಗ್ರಿ ಅಂದ್ರ? ತೊಟ್ಟು ಕಿತ್ತ ಕಾಯಿ ಇದ್ದಂಗೇನು?”

“ತೊಟ್ಟು ಕಿತ್ತ ಕಾಯಿಗೆ ನಿನ್ನ ಅಂಗಡ್ಯಾಗ ರೇಟ್ ಜಾಸ್ತಿನೋ ಕಡಿಮಿನೋ, ಅಪ್ಪಾ?”

ಅಪ್ಪ ರೊಟ್ಟಿ ಮುರಿಯುತ್ತ ಅವ್ವನ ಕಡೆ ನೋಡಿದ. “ಈಕಿ ಕೂಡ ಮಾತಾಡಾಕ ವಕೀಲರನ್ನ ಇಟ್ಕೋಬೇಕು ನೋಡು.”

“ವಕೀಲರೂ ಸೋಲ್ತಾರ. ಸುಮ್ಮನ ಉಣ್ರಿ,” ಎಂದಳು ಅವ್ವ.

ತೊಟ್ಟು ಕಿತ್ತ ಕಾಯಿಗೇ ರೇಟ್ ಹೆಚ್ಚು; ಗೆದ್ದೆ. ಆದರೆ ಪ್ರಬಂಧ ಬೇಡವೆನ್ನಲು ನಿಜವಾದ ಕಾರಣವನ್ನು ಹೇಳಿರಲಿಲ್ಲ. ಪ್ರಬಂಧಕ್ಕೆ ಒಂದು ಪ್ರಶ್ನೆ ಬೇಕು. ಹಾವೇರಿಯ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿ, ಬಂದ ಪಕ್ಷ ಹಿಡಿದು ಮಾತಾಡಿ ಬೆಳೆದವಳು ನಾನು. ವಿಷಯವನ್ನು ಯಾವಾಗಲೂ ಬೇರೆಯವರೇ ಕೊಟ್ಟಿದ್ದರು. ನನ್ನದೇ ಆದ ಪ್ರಶ್ನೆ ಏನೆಂದು ಹುಡುಕಿದರೆ ತಲೆಯೊಳಗೆ ಏನೂ ಅಲುಗಲಿಲ್ಲ. ಅದಕ್ಕೆ ಬೇಸರವೂ ಆಗಲಿಲ್ಲ. ಪ್ರಬಂಧದ ದಾರಿ ಹಿಡಿದರೆ ನಡುವೆಯೇ ಬಿಡುತ್ತೇನೆ ಎಂಬುದು ಮಾತ್ರ ಖಚಿತವಿತ್ತು.

ರಾಣೇಬೆನ್ನೂರಿನ ಕಾಲೇಜಿನಲ್ಲಿ ಸಂದರ್ಶನ. ಎದುರಿಗೆ ವಿಭಾಗದ ಮುಖ್ಯಸ್ಥರು, ಪಕ್ಕದಲ್ಲಿ ಒಬ್ಬ ಮೇಡಂ.

“ಥೀಸಿಸ್ ಬೇಕೋ ಬ್ಯಾಡೋ, ಅದರ ಮ್ಯಾಲೆ ಎರಡು ಮಾತು ಹೇಳವಾ,” ಎಂದರು ಮುಖ್ಯಸ್ಥರು.

ಬಾಯಿ ತಾನಾಗಿಯೇ ತೆರೆಯಿತು. “ಪರವಾಗಿ ಹೇಳ್ಲೋ, ವಿರೋಧವಾಗಿ ಹೇಳ್ಲೋ, ಸರ್?”

ಇಬ್ಬರೂ ನಕ್ಕರು. “ಪರವಾಗಿನ ಹೇಳು, ನೋಡೋಣು.”

ಹೇಳಿದೆ. ಮೋಟೆಬೆನ್ನೂರಿನಲ್ಲಿ ಮೆಣಸಿನ ಗಿಡದ ಎಲೆ ಮುರುಟುವ ರೋಗ ಒಂದು ಹೊಲಕ್ಕೆ ಬಂದು ಪಕ್ಕದ ಹೊಲವನ್ನು ಬಿಡುವುದೇಕೆ? ಇಂಥದ್ದು ಬೆಂಚಿನ ಮೇಲೆ ಕೂತು ತಿಳಿಯುವುದಲ್ಲ, ಹೊಲಕ್ಕೇ ಹೋಗಬೇಕು ಎಂದೆಲ್ಲ ವಾದಿಸಿದೆ. ಕೊನೆಯಲ್ಲಿ ಕೈಯನ್ನೂ ಎತ್ತಿದೆನೇನೋ.

“ಇಷ್ಟ ಹೇಳಾಕಿ ಥೀಸಿಸ್ ಬಿಟ್ಟು ಪೇಪರ್ ಓದ್ತೇನಿ ಅಂತೀಯಲ್ಲ! ನಿನಗ ಥೀಸಿಸ್ ಸೀಟೇ ಕೊಡ್ತೇನಿ, ತಗೋ,” ಎಂದರು ಮುಖ್ಯಸ್ಥರು.

“ಬ್ಯಾಡ್ರೀ, ಸರ್.”

“ಯಾಕ?”

ತಲೆಯೊಳಗೆ ಪ್ರತಿವಾದಗಳು ಸಾಲುಗಟ್ಟಿ ಬಂದವು. ಯಾವುದನ್ನೂ ಎತ್ತಿಕೊಳ್ಳಲಿಲ್ಲ. “ಆ ಪ್ರಶ್ನೆ ನಂದಲ್ರೀ. ಉದಾಹರಣೆಗೆ ಅಂತ ಹೇಳಿದೆ. ಅದಕ್ಕ ಉತ್ತರ ಸಿಗದಿದ್ರೂ ನನಗ ನಿದ್ದಿ ಬರ್ತದ.”

ಮುಖ್ಯಸ್ಥರು ಮೇಡಂ ಕಡೆ ತಿರುಗಿದರು. ಮೇಡಂ ನನ್ನನ್ನೇ ನೋಡಿದರು. “ಖರೇ ಹೇಳಿದಿ ಬಿಡು. ನಿದ್ದಿ ಬರೋರೆಲ್ಲ ಥೀಸಿಸ್ ಬರದಾರ, ಓದಿ ಓದಿ ನಮಗ ನಿದ್ದಿ ಬಂದೈತಿ.” ಆಮೇಲೆ ಷರತ್ತು ಹಾಕಿದರು: ಮೊದಲ ಸೆಮಿಸ್ಟರಿನಲ್ಲಿ ಬಿ.ಎಸ್ಸಿ.ಯವರ ಜೊತೆ ಕೂತು ಸಂಖ್ಯಾಶಾಸ್ತ್ರ ಪಾಸಾಗಬೇಕು. ಆ ಅಂಕಗಳು ಲೆಕ್ಕಕ್ಕಿಲ್ಲ, ಫೇಲಾದರೆ ಸೀಟೂ ಇಲ್ಲ. ಒಪ್ಪಿದೆ. ಕೇಳಿದ ಸೀಟು ಸಿಕ್ಕಿತು.

ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಮಾರುಕಟ್ಟೆಯ ಗದ್ದಲದಲ್ಲಿ ಸೀನುತ್ತಲೇ ಕೂಗಿದ: “ಪೇಢೆ ತರ್ಲೇನು?”

“ತಾರಪ್ಪಾ,” ಎಂದೆ. ಸಂತೋಷವಾಗಬೇಕಿತ್ತು. ಯಾಕೆ ಆಗಲಿಲ್ಲವೆಂದು ವಿಚಾರಿಸಲೂ ಮನಸ್ಸಾಗಲಿಲ್ಲ.

ಈಗ ಬೆಳಿಗ್ಗೆ ಬಿ.ಎಸ್ಸಿ. ಹುಡುಗಿಯರ ನಡುವೆ ಕೂತು ಸರಾಸರಿ ತೆಗೆಯುವುದನ್ನು ಕಲಿಯುತ್ತಿದ್ದೇನೆ. ಮೊದಲ ದಿನ ಒಬ್ಬಳು ಮೆಲ್ಲಗೆ ಕೇಳಿದಳು: “ಅಕ್ಕಾರ, ಫೇಲಾಗಿ ಬಂದೀರೇನ್ರಿ?”

“ಇಲ್ಲವಾ, ಪಾಸಾಗಿ.”

ಅವಳು ನಂಬಲಿಲ್ಲ. ನಾನು ವಾದಿಸಲಿಲ್ಲ.